ಬೆಂಕಿಹುಲಿ ವರ್ಷದವನು

"ಎಂಟನೇ ತಾರೀಕು ಹಂದಿ ಕೊಯ್ತಾರಂತೆ. ನೀನೂ ಬರಲೇಬೇಕು ಅಂತ ಧಣಿಗಳು ಹೇಳಿ ಕಳಿಸಿದ್ದಾರೆ," ಅಂದರು ಲೋಕ್ ಪಂಡಿತರು. ತಲೆ ಎತ್ತಲಿಲ್ಲ. ಅವರ ಎರಡೂ ಅಂಗೈ ಚುನ್‌ನ ಎಡಮೊಣಕಾಲಿನ ಮೇಲಿದ್ದವು.

"ಯಾರು, ಪೂನ್ ಧಣಿನೇ ಹೇಳಿದ್ರಾ?"

"ಇನ್ಯಾರಿದ್ದಾರಪ್ಪ ನಮಗೆ. ಬೆಳಿಗ್ಗೆ ಹತ್ತಕ್ಕೆ. ಗಡ್ಡ ಬೋಳಿಸ್ಕೊಂಡು ಬಾ. ಈ ಮುಖ ನೋಡಿದ್ರೆ ಸುಟ್ಟ ಹಂದಿನೂ ಎದ್ದು ಓಡುತ್ತೆ."

ಚುನ್ ನಕ್ಕುಬಿಟ್ಟ. ಆ ಬೆಂಚಿನ ಮೇಲೆ ಮಲಗಿ ಹಲ್ಲು ಕಚ್ಚಿದ್ದು, ಬೈದದ್ದು, ಒಮ್ಮೆ ಅತ್ತದ್ದೂ ಉಂಟು. ನಕ್ಕದ್ದು ಯಾವಾಗಲೋ ಅವನಿಗೇ ನೆನಪಿರಲಿಲ್ಲ. ಹಾಂಗ್‌ಕಾಂಗಿನ ಶಾಮ್ ಶುಯಿ ಪೋದ ಆ ಅಂಗಡಿಯ ಅಗಲ ಎಂದರೆ ಇಬ್ಬರು ತೋಳು ಚಾಚಿದರೆ ಮುಗಿಯಿತು. ಅಷ್ಟರಲ್ಲೇ ಒಂದು ಬೆಂಚು, ಬೇರು ತೊಗಟೆಗಳ ನೂರು ಡ್ರಾಯರಿನ ಕಪಾಟು, ಕುದಿಯುವ ಲೇಪದ ಮಡಕೆ, ಗೋಡೆಯ ತುಂಬ ನಲವತ್ತು ವರ್ಷದ ತಂಡಗಳ ಫೋಟೋ. ಪಂಡಿತರು ಮೂಳೆ ಕಟ್ಟುವವರು. ಬೀದಿಯ ಜನರಿಗೆಲ್ಲ ಕಟ್ಟುತ್ತಿದ್ದರು, ಆದರೆ ಅವರ ಜೀವ ಇದ್ದದ್ದು ಪೂನ್ ಧಣಿಯ ಫುಟ್‌ಬಾಲ್ ತಂಡದಲ್ಲಿ. ಪಂದ್ಯವಿದ್ದ ದಿನ ಲೇಪದ ಡಬ್ಬ ತೊಡೆಯ ಮೇಲಿಟ್ಟುಕೊಂಡು ಮೈದಾನದ ಪಕ್ಕ ಕೂತೇ ಇರುತ್ತಿದ್ದರು. ಚುನ್‌ನ ಕಾಲು ಅವರ ಕೈಗೆ ಮೊದಲು ಸಿಕ್ಕಿದ್ದು ಅವನಿಗೆ ಹದಿನಾಲ್ಕು ಆಗಿದ್ದಾಗ.

ಈಗ ಅವನಿಗೆ ಮೂವತ್ತೇಳು.

ಅವನು ಅಷ್ಟು ನಕ್ಕದ್ದು ಯಾಕೆ ಅಂದರೆ, ಹಾಂಗ್‌ಕಾಂಗ್ ಫುಟ್‌ಬಾಲಿನಲ್ಲಿ ಆಟಗಾರನಿಗೆ "ನಿನ್ನನ್ನ ತಗೊಂಡಿದ್ದೀವಿ" ಅಂತ ಬಾಯಿ ಬಿಟ್ಟು ಹೇಳುವ ರೂಢಿ ಇಲ್ಲ. ಬೇಸಿಗೆಯಲ್ಲಿ "ಸುಮ್ನೆ ಪ್ರಾಕ್ಟೀಸಿಗೆ ಬಾ" ಅನ್ನುತ್ತಾರೆ. ಹೋಗಿ ಬೆವರು ಸುರಿಸಬೇಕು. ಕೇಳಿದರೆ "ನೋಡೋಣ" ಅನ್ನುತ್ತಾರೆ. ಕೋಚು ಧಣಿಯ ಕಡೆ ಕೈ ತೋರಿಸುತ್ತಾನೆ, ಧಣಿ ಕೋಚಿನ ಕಡೆ. ಆಮೇಲೆ ಒಂದು ದಿನ ಯಾರೋ ಬಂದು ಹಂದಿ ಕೊಯ್ಯುವ ತಾರೀಕು ಹೇಳುತ್ತಾರೆ. ಅಷ್ಟೆ. ಸೀಸನ್ ಶುರುವಾಗುವ ಮುಂಚೆ ಗೋಲ್‌ಪೋಸ್ಟಿನ ಎದುರು ಮೇಜು ಹಾಕಿ, ಇಡೀ ಸುಟ್ಟ ಹಂದಿಯೊಂದನ್ನು ಮಲಗಿಸಿ, ಊದುಬತ್ತಿ ಹಚ್ಚಿ, ಮೂರು ಸಲ ಬಾಗಿ, ಆ ವರ್ಷ ಆಡುವವರೆಲ್ಲ ಹಂಚಿಕೊಂಡು ತಿನ್ನುತ್ತಾರೆ. ಆಡದವನನ್ನು ಅಲ್ಲಿಗೆ ಕರೆಯುವುದಿಲ್ಲ. ಕರೆದರೆ ಆಡುವವನು ಅಂತಲೇ ಲೆಕ್ಕ. ಈ ಕಸುಬಿನಲ್ಲಿ ಇದ್ದವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಚುನ್ ಪೂನ್ ಧಣಿಯ ತಂಡದ ಜೊತೆ ಆರು ವಾರ ಜುಲೈ-ಆಗಸ್ಟಿನ ಬಿಸಿಲಲ್ಲಿ ಬೆವರು ಸುರಿಸಿದ್ದ. ಇಪ್ಪತ್ತರ ಹುಡುಗರ ಹಿಂದೆ ಓಡಿದ್ದ. ಓಡಿ ಬಂದು ಪಂಡಿತರ ಬೆಂಚಿನ ಮೇಲೆ ಬಿದ್ದುಕೊಳ್ಳುತ್ತಿದ್ದ.

"ಹೋದ ವರ್ಷ ಕತ್ತಿ ಬೆನ್ನುಮೂಳೆಗೆ ಸಿಕ್ಕಿಹಾಕ್ಕೊಂಡಿತು ಗೊತ್ತಾ," ಅಂದರು ಪಂಡಿತರು, ಬೇರೆ ಮಾತು ಬೇಕಾದವರ ಹಾಗೆ. ಧಣಿಗಳೇ ಕೊಯ್ದದ್ದಂತೆ. ಅರ್ಧಕ್ಕೆ ನಿಂತಿತಂತೆ, ಇಬ್ಬರು ಹಿಡಿದು ಕೀಳಬೇಕಾಯಿತಂತೆ. ಆಮೇಲೆ ಹನ್ನೊಂದು ಪಂದ್ಯ ಗೆಲುವೇ ಇಲ್ಲ. ಧಣಿಗಳು ತಮ್ಮ ಒಣಮೀನಿನ ಅಂಗಡಿಯಲ್ಲಿ ಕೂತು ಊಟ ಬಿಟ್ಟರಂತೆ.

"ನಾನು ಆಗ ಕುಚಿಂಗ್‌ನಲ್ಲಿದ್ದೆ."

"ನೀನು ಯಾವಾಗ ಇಲ್ಲಿದ್ದೆ."

ಅದೂ ನಿಜವೇ. ಹತ್ತೊಂಬತ್ತು ವರ್ಷ, ಹದಿನಾಲ್ಕು ತಂಡ, ಒಂಬತ್ತು ದೇಶ. ಚೆಂಗ್ದು, ತೈಚುಂಗ್, ಮಕಾವ್, ಚೊನ್‌ಬುರಿ, ಯಾಂಗೋನ್, ಗೋವಾ, ನಾಮ್ ಪೆನ್. ಸ್ಟ್ರೈಕರುಗಳನ್ನು ತಂಡಗಳು ಹುಡುಕಿಕೊಂಡು ಬರುತ್ತವೆ. ಡಿಫೆಂಡರನ್ನು ಯಾರದೋ ಕಾಲು ಮುರಿದಾಗ ಕರೆಸುತ್ತಾರೆ, ಆ ಕಾಲು ಕೂಡಿಕೊಂಡಾಗ ಕಳಿಸುತ್ತಾರೆ. ಯಾವ ತಂಡವೂ ಅವನನ್ನು ಎರಡನೇ ವರ್ಷಕ್ಕೆ ಇಟ್ಟುಕೊಳ್ಳಲಿಲ್ಲ. ಆಡಿದ್ದು ಕೆಟ್ಟದಾಗಿ ಅಲ್ಲ. ಅವನ ಆಟ ಕಣ್ಣಿಗೆ ಬೀಳುವಂಥದ್ದಲ್ಲ, ಅಷ್ಟೆ. ಆಗಬೇಕಾಗಿದ್ದ ಗೋಲು ಆಗದೇ ಹೋದದ್ದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ. ಪ್ರತಿ ದೇಶದಲ್ಲೂ ಅವನು ಮೂರೇ ಮಾತು ಕಲಿಯುತ್ತಿದ್ದ: ನನ್ನದು, ಬಿಡು, ಮೇಲೆ ಬಾ. ಹಿಂದಿನ ಸಾಲಲ್ಲಿ ನಿಂತವನಿಗೆ ಅಷ್ಟು ಸಾಕು. ನಾಲ್ಕನೇ ಮಾತು ಕಲಿಯುವಷ್ಟರಲ್ಲಿ ಸೀಸನ್ ಮುಗಿದಿರುತ್ತಿತ್ತು. ಚೊನ್‌ಬುರಿಯಲ್ಲಿದ್ದಾಗ ಅಮ್ಮ ಸತ್ತಳು. ಅಕ್ಕ ಫೋನು ಮಾಡಿದ್ದು ಪಂದ್ಯದ ಅರ್ಧವೇಳೆಯಲ್ಲಿ. ಮ್ಯಾನೇಜರು ಫೋನನ್ನು ಜೇಬಿನಲ್ಲಿಟ್ಟುಕೊಂಡು ಕೊನೇ ಸೀಟಿ ಊದಿದ ಮೇಲೆ ಕೊಟ್ಟ. ಚುನ್ ಅವನನ್ನು ಬೈಯಲಿಲ್ಲ. ಒಂದು ಗೋಲಿನಿಂದ ಮುಂದಿದ್ದರು, ಹಿಂದಿನ ಸಾಲಲ್ಲಿ ಬೇರೆ ಆಳಿರಲಿಲ್ಲ.

ನಡುವೆ ಯಾವಾಗಲೋ ಊರಿಗೆ ಬಂದು ಇದೇ ಪೂನ್ ಧಣಿಯ ತಂಡಕ್ಕೆ ಆರು ತಿಂಗಳು ಆಡಿದಾಗ ವಿಮಾನನಿಲ್ದಾಣದಿಂದ ನೇರ ಸೂಟ್‌ಕೇಸು ಎಳೆದುಕೊಂಡು ಮೈದಾನಕ್ಕೆ ಬಂದಿದ್ದ. ಮುಂದಿನ ಸಾಲಿನಲ್ಲಿ ಕೂರುವ ಮುದುಕರು ಅದನ್ನು ನೋಡಿದರು. ಅಂದಿನಿಂದ ಅವನು ಪೆಟ್ಟಿಗೆ ಚುನ್. ಒಂದು ಚೆಂಡು ತಪ್ಪಿದರೆ ಸಾಕು, "ಪೆಟ್ಟಿಗೆ, ನಿನ್ನ ವಿಮಾನ ಎಷ್ಟು ಗಂಟೆಗೋ?" ಅಂತ ಆ ಕಡೆಯಿಂದ ಕೂಗು ಬರುತ್ತಿತ್ತು.

ಅವನಿಗೆ ಬೇಕಾದದ್ದು ದೊಡ್ಡದೇನಲ್ಲ. ಆ ಮುದುಕರು ಬೈಯುವ ಮೈದಾನದಲ್ಲಿ, ತನಗೆ ಬೈಗುಳದ ಪ್ರತಿ ಅಕ್ಷರವೂ ಅರ್ಥವಾಗುವ ಭಾಷೆಯಲ್ಲಿ, ಒಂದು ಪೂರ್ತಿ ಸೀಸನ್. ಅದರ ಕೊನೇ ದಿನ ಬೂಟು ಬಿಚ್ಚಿ ಮನೆಗೆ ನಡೆದೇ ಹೋಗುವುದು. ಬಾಡಿಗೆ ರೂಮಿಗಲ್ಲ.

"ಕಾಲು ಹೇಗಿದೆ ಗುರುಗಳೇ? ನಿಜ ಹೇಳಿ."

ಪಂಡಿತರ ಬೆರಳುಗಳು ಮಂಡಿಚಿಪ್ಪಿನ ಸುತ್ತ ನಿಧಾನಕ್ಕೆ ಒಂದು ಸುತ್ತು ಹಾಕಿದವು. ಹೆಬ್ಬೆರಳು ಒಳಬದಿಯಲ್ಲಿ ಒಂದು ಕಡೆ ನಿಂತಿತು, ಅಲ್ಲೇ ಇತ್ತು. "ಕಾಲಿಗೇನು," ಅಂದರು. "ಇಷ್ಟು ಊರು ಸುತ್ತಿದ ಕಾಲು." ಆಮೇಲೆ ಎದ್ದು ಹೋಗಿ ಲೇಪದ ಮಡಕೆ ಕದಡುತ್ತ ತುಂಬ ಹೊತ್ತು ಬೆನ್ನು ತಿರುಗಿಸಿ ನಿಂತಿದ್ದರು.

ಚುನ್ ಅದನ್ನು ನೋಡಿದ. ನೋಡಿದರೂ ಅವನ ತಲೆ ಆಗಲೇ ಎಂಟನೇ ತಾರೀಕಿನಲ್ಲಿತ್ತು.

ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಹೊರಗೆ ಬಂದವನೇ ಮಾಡಿದ ಮೊದಲ ಕೆಲಸ ಒನೋದೆರಾನಿಗೆ ಫೋನು. ಒನೋದೆರಾ ತೈಚುಂಗ್‌ನಲ್ಲಿ ಅವನ ಜೊತೆ ಆಡಿದ ಜಪಾನಿ, ಈಗ ಮಂಗೋಲಿಯದ ಉಲಾನ್‌ಬಾತರಿನ ಒಂದು ತಂಡಕ್ಕೆ ಕೋಚು. ಹೋದ ವಾರವೇ ಕರೆದಿದ್ದ: ಹಿಂದಿನ ಸಾಲಿಗೆ ಮಾತಾಡುವವನೊಬ್ಬ ಬೇಕು, ಕಾಲು ಹೇಗಿದ್ದರೂ ಪರವಾಗಿಲ್ಲ, ನಮ್ಮ ಹುಡುಗರನ್ನ ಸಾಲಲ್ಲಿ ನಿಲ್ಲಿಸು, ಶುಕ್ರವಾರದೊಳಗೆ ಹೇಳು. ಅವತ್ತು ಬುಧವಾರ. ಚುನ್ ಥ್ಯಾಂಕ್ಸ್ ಹೇಳಿ, ಊರಲ್ಲೇ ಸಿಕ್ಕಿತು, ಬರಲ್ಲ ಅಂದ. ಒನೋದೆರಾ, ತುಂಬ ಸಂತೋಷ, ಮನೆ ಊಟ ತಿನ್ನು ಅಂದ. ಒಳ್ಳೆಯ ಮನುಷ್ಯ.

ಮನೆ ಅಂದರೆ ಲಾನ್ ಅಕ್ಕನ ಮನೆ. ಅದೇ ಶಾಮ್ ಶುಯಿ ಪೋದಲ್ಲಿ, ಸರ್ಕಾರಿ ಕಟ್ಟಡದ ಹದಿನೇಳನೇ ಮಾಳಿಗೆ. ಅಕ್ಕ ಅವನಿಗಿಂತ ಎಂಟು ವರ್ಷ ದೊಡ್ಡವಳು, ಮದುವೆಯಾಗಿಲ್ಲ, ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸ. ಅವನು ಬಂದಾಗಲೆಲ್ಲ ಊಟದ ಮೇಜು ಮಡಚಿ ಅವನ ಹಾಸಿಗೆ ಬಿಡಿಸುತ್ತಾಳೆ. ಹಾಸಿಗೆಗೂ ಬಾಗಿಲಿಗೂ ನಡುವೆ ಆ ಸೂಟ್‌ಕೇಸು. ರಾತ್ರಿ ನೀರು ಕುಡಿಯಲು ಎದ್ದರೆ ಅದಕ್ಕೆ ಎಡವಿಯೇ ಹೋಗಬೇಕು. ಎಡವಿದಾಗಲೆಲ್ಲ ಅವಳು ಅದನ್ನೇ ಬೈಯುತ್ತಿದ್ದಳು, ಅವನನ್ನಲ್ಲ.

ಹಂದಿ ಕೊಯ್ಯುವ ತಾರೀಕು ಕೇಳಿದವಳೇ ಎದ್ದಳು. ಹೋಗಿ ಬೇಳೆಕಾಳು ಇಡುವ ಕಪಾಟಿನ ಒಂದು ಖಾನೆ ಖಾಲಿ ಮಾಡಿದಳು. "ನಿನ್ನ ಬಟ್ಟೆ ಇಲ್ಲಿಡು," ಅಂದಳು. "ಆ ದರಿದ್ರ ಪೆಟ್ಟಿಗೆನ ಮನೆಯಿಂದ ಆಚೆ ಹಾಕು."

ಅವನು ಹಾಕಿದ. ಮಾರನೇ ಬೆಳಿಗ್ಗೆ ಅದನ್ನು ಎಳೆದುಕೊಂಡು ಕೆಳಗಿನ ಅಪ್ಲಿಯು ಬೀದಿಗೆ ಹೋಗಿ, ಹಳೇ ಸಾಮಾನು ಹರವಿಕೊಂಡು ಕೂರುವ ಮುದುಕನಿಗೆ ಕೊಟ್ಟುಬಿಟ್ಟ. ಒಂದು ಚಕ್ರ ಸ್ವಲ್ಪ ಕೆಟ್ಟಿದೆ, ಕಲ್ಲಿನ ಮೇಲೆ ಟಕಟಕ ಅನ್ನುತ್ತೆ, ಆದರೆ ಬಿದ್ದುಹೋಗೋದಿಲ್ಲ ಅಂತ ಹೇಳಿದ. ಮುದುಕ ಯಾಕೆ ಮಾರ್ತಿದ್ದೀಯ ಅಂತ ಕೇಳಿದ್ದಕ್ಕೆ ಮಾರ್ತಿಲ್ಲ, ಕೊಡ್ತಿದ್ದೀನಿ ಅಂದ. ವಾಪಸು ಬರುವಾಗ ಎರಡೂ ಕೈ ಬೀಸಿಕೊಂಡು ನಡೆದ. ಎರಡೂ ಕೈ ಬೀಸಿಕೊಂಡು ಊರಲ್ಲಿ ನಡೆಯುವುದು ಅಷ್ಟು ಹಗುರ ಅಂತ ಅವನಿಗೆ ಗೊತ್ತಿರಲಿಲ್ಲ.

ಎಂಟನೇ ತಾರೀಕು ಮೋಡವಿತ್ತು, ಸೆಕೆ ಇತ್ತು. ಚುನ್ ಗಡ್ಡ ಬೋಳಿಸಿ, ಅಕ್ಕ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಒಂಬತ್ತೂವರೆಗೇ ಮೈದಾನ ತಲುಪಿದ. ಗೋಲ್‌ಪೋಸ್ಟಿನ ಎದುರು ಕೆಂಪು ಬಟ್ಟೆ ಹಾಸಿದ ಮೇಜು. ಅದರ ಮೇಲೆ ಹಂದಿ, ಹೊಳೆಯುವ ಕಂದು ಬೆನ್ನು, ಕಣ್ಣಿನ ಜಾಗದಲ್ಲಿ ಎರಡು ಚೆರ್ರಿ ಹಣ್ಣು. ಪಕ್ಕದಲ್ಲಿ ಕಿತ್ತಳೆ, ಸೇಬು, ಬೇಯಿಸಿದ ಕೋಳಿ, ಹೆಂಡದ ಮೂರು ಬಟ್ಟಲು. ಹಿಡಿಗೆ ಕೆಂಪು ಪಟ್ಟಿ ಸುತ್ತಿದ ಅಗಲ ಕತ್ತಿ. ಹುಡುಗರೆಲ್ಲ ಫೋನು ಹಿಡಿದು ಹಂದಿಯ ಜೊತೆ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಮುಂದಿನ ಸಾಲಿನ ಮುದುಕರೂ ನಾಲ್ಕು ಜನ ಬಂದು ತಮ್ಮ ಮಾಮೂಲು ಜಾಗದಲ್ಲಿ ಕೂತಿದ್ದರು. ಅವರನ್ನು ಯಾರೂ ಕರೆಯುವುದಿಲ್ಲ, ಬೇಡ ಅನ್ನುವುದೂ ಇಲ್ಲ.

"ನೋಡ್ರೋ, ಪೆಟ್ಟಿಗೆ ಬಂದ," ಅಂದ ಒಬ್ಬ. "ಪೆಟ್ಟಿಗೆ ಎಲ್ಲೋ?"

"ಕೊಟ್ಟುಬಿಟ್ಟೆ ತಾತ."

"ಹಾಗಾದ್ರೆ ಈ ವರ್ಷ ಪೂರ್ತಿ ನಿನ್ನ ಮುಖ ನೋಡಬೇಕಾ? ಕರ್ಮ."

ಆ ಬೈಗುಳ ಅವನಿಗೆ ಎದೆಯಲ್ಲಿ ಬಿಸಿ ಚಹಾ ಇಳಿದ ಹಾಗಾಯಿತು.

ಪೂನ್ ಧಣಿಗಳು ಬಂದರು. ದುಂಡಗೆ, ಗಿಡ್ಡಗೆ, ಎಪ್ಪತ್ತರ ಹತ್ತಿರ, ಒಣಮೀನು ಮಾರಿ ಬಂದದ್ದನ್ನೆಲ್ಲ ಮೂವತ್ತು ವರ್ಷದಿಂದ ಈ ತಂಡಕ್ಕೆ ಸುರಿದವರು. ಎಲ್ಲರನ್ನೂ ಹೆಸರು ಹಿಡಿದು ಮಾತಾಡಿಸಿದರು. ಚುನ್‌ನ ಎರಡೂ ಕೈ ಹಿಡಿದು, "ಬಂದೆಯಾ ತಮ್ಮಾ, ನೀನು ಬರದಿದ್ರೆ ಇವತ್ತು ನನ್ನ ಕಥೆ ಮುಗೀತಿತ್ತು," ಅಂದರು. ಕಣ್ಣಲ್ಲಿ ನಿಜವಾದ ಪ್ರೀತಿ ಇತ್ತು. ಅದನ್ನು ಚುನ್ ಆಮೇಲೆಯೂ ಅಲ್ಲಗಳೆಯಲಿಲ್ಲ.

ಕೋಚ್ ಯಿಪ್ ಪಟ್ಟಿ ಹಿಡಿದು ನಿಂತ. ಯಿಪ್ ಚುನ್‌ಗಿಂತ ಮೂರು ವರ್ಷ ಚಿಕ್ಕವನು. ಹಿಂದೆ ಒಂದು ತಂಡದಲ್ಲಿ ಇಬ್ಬರೂ ಹಿಂದಿನ ಸಾಲಲ್ಲಿ ಅಕ್ಕಪಕ್ಕ ಆಡಿದ್ದರು. ಯಿಪ್ ಹೆಸರು ಕರೆದ, ಕರೆದವರು ಹೋಗಿ ಧಣಿಯ ಕೈಯಿಂದ ಜೆರ್ಸಿ ತಗೊಂಡು, ಬಾಗಿ, ಸಾಲಲ್ಲಿ ನಿಂತರು. ಒಂದು, ಗೋಲಿಗೆ ನಿಲ್ಲುವವನದು. ಎರಡು. ಮೂರು. ನಾಲ್ಕು ಬಂದಾಗ ಚುನ್ ಒಂದು ಹೆಜ್ಜೆ ಮುಂದಿಟ್ಟ. ಹೋದ ಕಡೆಯೆಲ್ಲ ಅವನದು ನಾಲ್ಕು. ಅದು ಹತ್ತೊಂಬತ್ತರ ಹುಡುಗನೊಬ್ಬನಿಗೆ ಹೋಯಿತು. ಇರಲಿ, ಹುಡುಗನಿಗೆ ಹೋಗಲಿ. ಐದು, ಆರು. ಹದಿನೈದು ದಾಟಿತು. ಇಪ್ಪತ್ತು ದಾಟಿತು. ಇಪ್ಪತ್ತೆಂಟಕ್ಕೆ ಪಟ್ಟಿ ಮುಗಿಯಿತು. ಯಿಪ್ ಅದನ್ನು ಮಡಚಿ ಜೇಬಿಗಿಟ್ಟುಕೊಂಡ.

ಮೇಜಿನ ಮೇಲೆ ಜೆರ್ಸಿ ಒಂದೂ ಉಳಿದಿರಲಿಲ್ಲ. ಬಿಳಿ ಅಂಗಿಯಲ್ಲಿ ಇದ್ದವನು ಅವನೊಬ್ಬನೇ.

ಇನ್ನೂ ಒಂದು ಆಸೆ ಉಳಿದಿತ್ತು. ನಾಯಕನದ್ದನ್ನು ಕೊನೆಗೆ ಬೇರೆಯಾಗಿ ಕೊಡುವುದುಂಟು. ಅಷ್ಟರಲ್ಲಿ ಧಣಿಗಳೇ ಅವನ ಹೆಸರು ಕರೆದರು, "ಮೋಕ್ ತಿನ್-ಚುನ್, ಮುಂದೆ ಬಾ." ಇಪ್ಪತ್ತೆಂಟು ಜನ ತಿರುಗಿ ನೋಡಿದರು. ಅವನು ಹೋಗಿ ಧಣಿಯ ಪಕ್ಕದಲ್ಲಿ ನಿಂತ.

ಧಣಿಗಳು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಹೋದ ವರ್ಷ ಕತ್ತಿ ಸಿಕ್ಕಿಕೊಂಡದ್ದು ಎಲ್ಲರಿಗೂ ಗೊತ್ತು. ಈ ಸಲ ದಿಕ್ಕುದೆಸೆ ನೋಡುವ ಜೋಯಿಸರನ್ನು ಕೇಳಿದೆ. ಅವರು, ಕತ್ತಿ ಹಿಡಿಯುವ ಕೈ ಬೆಂಕಿಹುಲಿ ವರ್ಷದ್ದಾಗಿರಬೇಕು ಅಂದರು. ಪಂಚಾಂಗದಲ್ಲಿ ಹುಲಿ ವರ್ಷ ಹನ್ನೆರಡಕ್ಕೊಮ್ಮೆ ಬರುತ್ತೆ, ಬೆಂಕಿಹುಲಿ ಬರೋದು ಅರವತ್ತಕ್ಕೊಮ್ಮೆ. ಎಂಬತ್ತಾರರಲ್ಲಿ ಹುಟ್ಟಿದವರು ಬೇಕು. ನಮ್ಮಲ್ಲಿ ಎಲ್ಲಾ ಎಳೇ ಹುಡುಗರು. ಆಫೀಸಿನಲ್ಲಿ ಹಳೇ ಪಟ್ಟಿಗಳನ್ನೆಲ್ಲ ತೆಗೆಸಿದೆ, ಇಡೀ ತಂಡದ ಚರಿತ್ರೆಯಲ್ಲಿ ಎಂಬತ್ತಾರರವನು ಒಬ್ಬನೇ ಸಿಕ್ಕಿದ. ಅವನೂ ದೇವರ ದಯದಿಂದ ಊರಲ್ಲೇ ಇದ್ದಾನೆ.

"ಆಡದೇ ಇದ್ರೂ ನಮಗೋಸ್ಕರ ಬಂದಿದ್ದಾನೆ," ಅಂದರು ಧಣಿಗಳು. "ಚಪ್ಪಾಳೆ ತಟ್ರೋ."

ತಟ್ಟಿದರು. ಕೆಂಪು ಪಟ್ಟಿಯ ಕತ್ತಿ ಅವನ ಕೈಗೆ ಬಂತು.

ಅವನು ಹುಟ್ಟಿದ್ದು ಎಂಬತ್ತಾರರಲ್ಲೇ. ಜನವರಿ ಮೂವತ್ತಕ್ಕೆ. ಚೀನೀ ಹೊಸವರ್ಷಕ್ಕೆ ಇನ್ನೂ ಹತ್ತು ದಿನವಿತ್ತು. ಮನೆ ತೊಳೆಯಲು ಅಮ್ಮ ಬಕೆಟ್ಟು ಎತ್ತಿದಾಗ ನೋವು ಬಂತು ಅಂತ ಅಕ್ಕ ನೂರು ಸಲ ಹೇಳಿದ್ದಾಳೆ. ಹುಲಿ ಇನ್ನೂ ಬಾಗಿಲಿಗೆ ಬಂದಿರಲಿಲ್ಲ. ಹಿಂದಿನ ವರ್ಷವೇ ನಡೆಯುತ್ತಿತ್ತು, ಎತ್ತಿನ ವರ್ಷ. ಆಫೀಸಿನವರು ಇಸವಿ ನೋಡಿದ್ದಾರೆ, ತಿಂಗಳು ನೋಡಿಲ್ಲ. ಈ ಊರಲ್ಲಿ ಯಾವ ಅಜ್ಜಿಯೂ ಮಾಡದ ತಪ್ಪು.

ಒಂದೇ ಮಾತು ಹೇಳಿದ್ದರೆ ಮುಗಿಯುತ್ತಿತ್ತು. ನಾನು ಎತ್ತಿನವನು ಧಣಿ, ಅಂದು ಕತ್ತಿ ಕೆಳಗಿಟ್ಟು ಹೋಗಬಹುದಿತ್ತು. ಆ ಮಾತು ನಾಲಿಗೆಯ ಮೇಲೆ ಬಂದಿತ್ತು ಕೂಡ. ಆದರೆ ಎದುರಿಗೆ ಇಪ್ಪತ್ತೆಂಟು ಜನ ಸಾಲಾಗಿ ನಿಂತಿದ್ದರು, ಹೊಸ ಜೆರ್ಸಿಯ ಮಡಿಕೆಗಳು ಇನ್ನೂ ಬಿಚ್ಚಿರಲಿಲ್ಲ. ನಾಲ್ಕನೇ ನಂಬರಿನ ಹುಡುಗ ಉಸಿರು ಬಿಗಿಹಿಡಿದು ಅವನ ಕೈಯನ್ನೇ ನೋಡುತ್ತಿದ್ದ. ಹತ್ತೊಂಬತ್ತು ವರ್ಷದಲ್ಲಿ ಅವನಿಗೋಸ್ಕರ ಅಷ್ಟು ಜನ ಸಾಲು ನಿಂತು ಕಾದದ್ದಿಲ್ಲ. ಮತ್ತೆ ಅವನಿಗೆ ಇದ್ದದ್ದು ಒಂದೇ ಅಭ್ಯಾಸ: ಚೆಂಡು ನಿನ್ನ ಕಡೆ ಬಂತೋ, ಮೊದಲು ಆಚೆ ಒದಿ, ಯೋಚನೆ ಆಮೇಲೆ.

ಹಂದಿಯ ಬೆನ್ನಿನ ಮೇಲೆ ಎಡಗೈ ಬೆರಳು ಆಡಿಸಿದ. ಪಂಡಿತರ ಬೆಂಚಿನ ಮೇಲೆ ಮಲಗಿ ಮಲಗಿ ಎಲ್ಲಿ ಕೀಲು, ಎಲ್ಲಿ ಮೂಳೆ ಅನ್ನುವುದು ಅವನ ಬೆರಳಿಗೂ ಸ್ವಲ್ಪ ಬಂದಿತ್ತು. ಒಂದು ಕಡೆ ಸಂದು ಸಿಕ್ಕಿತು. ಅಲ್ಲಿ ಕತ್ತಿಯ ಬಾಯಿ ಇಟ್ಟು ಎರಡೂ ಕೈಯಿಂದ ಒತ್ತಿದ. ಸುಟ್ಟ ಚರ್ಮ ಚರ್ರನೆ ಸೀಳಿತು, ಕತ್ತಿ ಎಲ್ಲೂ ನಿಲ್ಲದೆ ಇಳಿದು ಕೆಳಗಿನ ಮಣೆಗೆ ಟಪ್ಪೆಂದು ಬಡಿಯಿತು.

ಹುಡುಗರು ಹೋ ಎಂದು ಕೂಗಿದರು. ಧಣಿಗಳು ಅವನನ್ನು ತಬ್ಬಿಕೊಂಡು ಕಣ್ಣು ಒರೆಸಿಕೊಂಡರು, ಕಾಣಿಕೆ ದುಡ್ಡಿನ ಕೆಂಪು ಲಕೋಟೆಯೊಂದನ್ನು ಅವನ ಅಂಗಿ ಜೇಬಿಗೆ ತುರುಕಿದರು. ಮುದುಕರ ಕಡೆಯಿಂದ ಮಾತ್ರ ಸದ್ದಿಲ್ಲ. ಅವರು ಜೆರ್ಸಿ ಎಣಿಸಿದ್ದರು ಅಂತ ಕಾಣುತ್ತದೆ.

ಎಲ್ಲರೂ ಪ್ಲೇಟು ಹಿಡಿದು ಮೇಜು ಮುತ್ತಿದಾಗ ಯಿಪ್ ಅವನ ಪಕ್ಕಕ್ಕೆ ಬಂದ. ಕೈಯಲ್ಲಿದ್ದ ಊದುಬತ್ತಿಯ ತುದಿಯನ್ನೇ ನೋಡುತ್ತಿದ್ದ.

"ಚುನ್ ಅಣ್ಣ, ಪಂಡಿತರು ನಿನಗೆ ಹೇಳಿರಲಿಲ್ವಾ?"

"ಏನಂತ?"

ಯಿಪ್ ತಡವರಿಸಿಕೊಂಡು ಹೇಳಿದ. ಎರಡು ವಾರದ ಹಿಂದೆ ತಾನೇ ಹೋಗಿ ಪಂಡಿತರನ್ನು ಕೇಳಿದ್ದ: ಅಣ್ಣನ ಕಾಲು ಒಂದು ಸೀಸನ್ ತಾಳುತ್ತಾ? ಪಂಡಿತರು, ಐದು ಪಂದ್ಯ ತಾಳುತ್ತೆ, ಆರನೆಯದರಲ್ಲಿ ಬೀಳ್ತಾನೆ, ಬಿದ್ದರೆ ಮೆಟ್ಟಿಲು ಹತ್ತೋದೂ ಕಷ್ಟ ಅಂದರು. ಅವನಿಗೆ ನಾನೇ ಹೇಳ್ತೀನಿ, ನೀನು ಬಾಯಿ ಬಿಡಬೇಡ ಅಂದರು.

"ನಾನು, ಹೇಳಿರ್ತಾರೆ ಅಂದ್ಕೊಂಡೆ. ಬೆಳಿಗ್ಗೆ ನೀನು ಬಿಳಿ ಅಂಗಿ ಹಾಕ್ಕೊಂಡು ನಗ್ತಾ ಬಂದದ್ದು ನೋಡಿ, ಅಬ್ಬ, ಅಣ್ಣ ಬೇಜಾರು ಮಾಡ್ಕೊಂಡಿಲ್ಲ ಅಂತ..."

ಚುನ್ ಅವನ ಬೆನ್ನು ತಟ್ಟಿದ. ನಾಲ್ಕನೇ ನಂಬರಿನ ಹುಡುಗ ಎಡಕ್ಕೆ ತಿರುಗೋದು ನಿಧಾನ, ಅವನಿಗೆ ಅದನ್ನ ಹೇಳಿಕೊಡು ಅಂದ. ಅಷ್ಟು ಹೇಳಿ, ಗ್ಯಾಲರಿಯ ಹಿಂದೆ ನಲ್ಲಿಗಳಿದ್ದ ಕಡೆ ಹೋಗಿ ಉಲಾನ್‌ಬಾತರಿಗೆ ಫೋನು ಹಚ್ಚಿದ. ಒನೋದೆರಾ ಮೊದಲ ರಿಂಗಿಗೇ ಎತ್ತಿದ. ಘಾನಾದ ಹುಡುಗನೊಬ್ಬ ನಿನ್ನೆ ಬಂದಿಳಿದ, ಸಹಿಯೂ ಆಯಿತು ಅಂದ. ನೀನು ಒಂದು ದಿನ ಮುಂಚೆ ಹೇಳಿದ್ದರೆ ಅನ್ನಲಿಲ್ಲ. ಅದೇ ಅವನ ಒಳ್ಳೆಯತನ. ಹಿಂದಿನಿಂದ ಯಾರೋ ಮಂಗೋಲಿಯದ ಮಾತಿನಲ್ಲಿ ಕೂಗುವುದು ಕೇಳಿಸಿತು, ಸೀಟಿ ಕೇಳಿಸಿತು, ಬೂಟಿಗೆ ಚೆಂಡು ತಗುಲಿದ ಸದ್ದು ಕೇಳಿಸಿತು. ಚುನ್ ಫೋನು ಇಟ್ಟಮೇಲೂ ಅದನ್ನು ಕಿವಿಯ ಹತ್ತಿರವೇ ಹಿಡಿದುಕೊಂಡಿದ್ದ. ಇನ್ನು ಅವನಿಗೆ ಕರೆ ಮಾಡಲು ಯಾರೂ ಇರಲಿಲ್ಲ. ಫೋನಿನಲ್ಲಿ ಮುನ್ನೂರು ಹೆಸರಿದ್ದವು, ಒಂಬತ್ತು ದೇಶದವು. ಮೇಲಿಂದ ಕೆಳಗಿನವರೆಗೆ ಬೆರಳಾಡಿಸಿದ. ಅರ್ಧ ಜನ ಆಟ ಬಿಟ್ಟಿದ್ದರು. ಉಳಿದ ಅರ್ಧ ಜನ ಅವನ ಹಾಗೆಯೇ ಯಾರದೋ ಫೋನಿಗೆ ಕಾಯುತ್ತಿದ್ದರು.

ನಲ್ಲಿಯ ಕಟ್ಟೆಯ ಇನ್ನೊಂದು ತುದಿಯಲ್ಲಿ ಪಂಡಿತರು ಕೂತಿದ್ದರು. ಲೇಪದ ಡಬ್ಬ ತೊಡೆಯ ಮೇಲಿತ್ತು, ಇವತ್ತು ಪಂದ್ಯವಿಲ್ಲದಿದ್ದರೂ. ಎಷ್ಟು ಹೊತ್ತಿನಿಂದ ಇದ್ದರೋ.

ಚುನ್ ಹೋಗಿ ಪಕ್ಕದಲ್ಲಿ ಕೂತ. ಮಂಡಿ ಮಡಚುವಾಗ ಕಟಕ್ ಅಂದಿತು. ಇಬ್ಬರಿಗೂ ಕೇಳಿಸಿತು.

"ನನಗೆ ಬಾಯಿ ಬರಲಿಲ್ಲ ಕಣಪ್ಪ," ಅಂದರು ಪಂಡಿತರು. "ಅವತ್ತು ಧಣಿಗಳು ಹೇಳಿ ಕಳಿಸಿದ್ದನ್ನ ಹೇಳಿ, ಆಮೇಲೆ ಕಾಲಿನ ವಿಷಯ ಹೇಳೋಣ ಅಂತಿದ್ದೆ. ನೀನು ನಕ್ಕುಬಿಟ್ಟೆ."

"ಕಾಲಿನದ್ದು ಕೇಳಿದ್ನಲ್ಲ ಗುರುಗಳೇ. ನಿಜ ಹೇಳಿ ಅಂತಲೇ ಕೇಳಿದೆ."

"ಕೇಳಿದೆ." ಅವರು ಡಬ್ಬದ ಮುಚ್ಚಳ ತೆಗೆದರು, ಹಾಕಿದರು. "ಇಪ್ಪತ್ಮೂರು ವರ್ಷದಿಂದ ಈ ಕಾಲನ್ನ ನಾನೇ ಕಟ್ಟಿ ಕಟ್ಟಿ ಕಳಿಸಿದ್ದು. ಪಾರ್ಸೆಲ್ ಮಾಡಿ ಯಾಂಗೋನಿಗೆ ಕಳಿಸಿದೆ ಲೇಪ, ಗೋವಾಕ್ಕೆ ಕಳಿಸಿದೆ. ಮೊದಲನೇ ಸಲವೇ ಸುಮ್ನಿರು, ಮನೇಲಿ ಕೂತ್ಕೋ ಅನ್ನಬೇಕಿತ್ತು. ಆಗಲೂ ಬಾಯಿ ಬರಲಿಲ್ಲ."

ಆ ಕಡೆ ಹುಡುಗರು ನಗುತ್ತಿದ್ದರು. ಯಾರೋ ಹಂದಿಯ ಕಿವಿಗಾಗಿ ಜಗಳ ಆಡುತ್ತಿದ್ದರು.

"ಗುರುಗಳೇ, ನಾನು ಹುಲಿ ವರ್ಷದವನಲ್ಲ."

ಪಂಡಿತರು ತಿರುಗಿ ನೋಡಿದರು. ಬೆರಳಲ್ಲಿ ಏನೋ ಲೆಕ್ಕ ಹಾಕಿದರು. ಅವರ ಮುಖ ಸಣ್ಣಗಾಯಿತು. "ಹೌದಲ್ಲೋ. ನಿನ್ನಮ್ಮ ಹೇಳ್ತಿದ್ಲು. ಹೊಸವರ್ಷದ ಬಕೆಟ್ಟು." ಆಮೇಲೆ, ಬಹಳ ಮೆಲ್ಲಗೆ, "ಧಣಿಗೆ ಹೇಳ್ಲಾ?"

"ಬೇಡ. ಅವರು ಇವತ್ತು ಊಟ ಮಾಡ್ಲಿ."

"ಮತ್ತೆ ತಂಡ ಸೋತ್ರೆ?"

"ಕತ್ತಿ ಎಲ್ಲೂ ನಿಲ್ಲಲಿಲ್ಲ ಗುರುಗಳೇ," ಅಂದ ಚುನ್. "ಅಷ್ಟು ಮಾತ್ರ ನಾನು ಚೆನ್ನಾಗಿ ಮಾಡಿದ್ದೀನಿ."

ಪಂಡಿತರು ಅವನ ಮೊಣಕಾಲಿನ ಮೇಲೆ ಕೈ ಇಡಲು ಹೋದರು. ಚುನ್ ಕಾಲು ಎಳೆದುಕೊಂಡು ಎದ್ದ. ಸಿಟ್ಟಿನಿಂದಲ್ಲ. ಇನ್ನು ಆ ಕಾಲಿಗೆ ಕಟ್ಟಲು ಏನೂ ಇರಲಿಲ್ಲ.

ಹೊರಡುವಾಗ ಧಣಿಗಳು ಓಡಿ ಬಂದು ಒಂದು ಡಬ್ಬ ಕೊಟ್ಟರು, ಬೆನ್ನಿನ ಒಳ್ಳೆಯ ತುಂಡು, ಅಕ್ಕನಿಗೂ ಸೇರಿಸಿ. ಅದನ್ನು ಹಿಡಿದುಕೊಂಡು ಚುನ್ ಮನೆ ಕಡೆ ನಡೆದೇ ಹೊರಟ. ಅಕ್ಕ ಇವತ್ತು ರಜ ಹಾಕಿ ಕಾಯುತ್ತಿದ್ದಳು. ಎಷ್ಟನೇ ನಂಬರು ಅಂತ ಕೇಳುವಳು. ಖಾಲಿ ಮಾಡಿದ ಖಾನೆಯಲ್ಲಿ ಅವನ ಅಂಗಿಗಳನ್ನು ಅವಳು ಬಣ್ಣ ನೋಡಿ ಜೋಡಿಸಿದ್ದಳು.

ಅಪ್ಲಿಯು ಬೀದಿಯಲ್ಲಿ ಹಳೇ ಸಾಮಾನಿನ ಮುದುಕನ ಎದುರು ಒಬ್ಬಳು ಹೆಂಗಸು ಚುನ್‌ನ ಸೂಟ್‌ಕೇಸನ್ನು ಬಿಚ್ಚಿ ನೋಡುತ್ತಿದ್ದಳು. ಜಿಪ್ಪು ಎಳೆದಳು, ಹಾಕಿದಳು. ಒಳಗಿನ ಚೀಲಕ್ಕೆ ಕೈ ಹಾಕಿದಾಗ ಏನೋ ಸಿಕ್ಕಿತು: ಕಾಗದದಲ್ಲಿ ಸುತ್ತಿದ ಲೇಪದ ಪಟ್ಟಿ, ಒಣಗಿ ಹಲಗೆಯಾದದ್ದು, ಯಾವ ದೇಶಕ್ಕೆ ಬಂದ ಪಾರ್ಸೆಲಿನದೋ. ಮೂಸಿ ನೋಡಿ ಮುಖ ಸಿಂಡರಿಸಿ ಅದನ್ನು ಚರಂಡಿಗೆ ಎಸೆದಳು. ಆಮೇಲೆ ಸೂಟ್‌ಕೇಸಿನ ಹಿಡಿ ಎತ್ತಿ, ರೈಲು ನಿಲ್ದಾಣದ ಕಡೆ ಎಳೆದುಕೊಂಡು ಹೊರಟಳು. ಕಲ್ಲಿನ ಮೇಲೆ ಒಂದು ಚಕ್ರ ಟಕಟಕ ಅನ್ನುತ್ತ ಹೋಯಿತು.